ಬೀಗರು ಬೊಡ್ಡೆ ಕೀಳಲು ಬಂದದ್ದು

ಅಂಜಿನಿಯ ಮನೆಯಂಗಳದಲ್ಲಿ ಮೂರು ಮರದ ಬೊಡ್ಡೆಗಳಿದ್ದವು: ನುಗ್ಗೆಯದೊಂದು, ಬೇವಿನದೊಂದು, ಹುಣಸೆಯದೊಂದು. ಎರಡು ವರ್ಷದ ಹಿಂದೆ ಗಾಳಿಗೆ ಹುಣಸೆಯ ಕೊಂಬೆ ಮುರಿದು ಕರೆಂಟಿನ ತಂತಿಯ ಮೇಲೆ ಬಿದ್ದು, ಓಣಿಗೆ ಓಣಿಯೇ ಎರಡು ದಿನ ಫ್ಯಾನಿಲ್ಲದೆ ಬೆಂದಾಗ, ಮೂರೂ ಮರ ಕಡಿಸಿಬಿಡು ಎಂದು ಎಲ್ಲರೂ ಸೇರಿ ಅವನ ಜೀವ ತಿಂದಿದ್ದರು. ಕಡಿಯಲು ಬಂದವರು ಮೊಣಕಾಲಿನಿಂದ ಮೇಲಿನದನ್ನೆಲ್ಲ ಗಾಡಿಗೆ ಹೇರಿಕೊಂಡು, ಬೇರಿನ ಮಾತು ಆಡಿರಲಿಲ್ಲವಲ್ಲ ಎಂದು ಹೇಳಿ ಹೊರಟುಹೋದರು.

ಆಗ ಅವುಗಳಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಅಂಜಿನಿ ಆಂಧ್ರದ ಗಡಿಯೂರು ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟಿನ ಕಟಿಂಗ್ ಮಾಸ್ಟರ್. ಪಡಸಾಲೆಯಲ್ಲಿ ಆರು ಹೊಲಿಗೆ ಮಷೀನು ಹಾಕಿಕೊಂಡು ಬಳ್ಳಾರಿಯ ವ್ಯಾಪಾರಿಯೊಬ್ಬರಿಗೆ ಪ್ಯಾಂಟು ಹೊಲಿಸಿಕೊಡುತ್ತಿದ್ದ. ಈ ಬೇಸಿಗೆಯಲ್ಲಿ ಗುಂಡಿಯ ಕಾಜಾ ಹೊಲಿಯುವ ಮಷೀನೊಂದನ್ನು ತರಿಸುವುದೆಂದು ಗಟ್ಟಿ ಮನಸ್ಸು ಮಾಡಿದ. ಪಡಸಾಲೆಯಲ್ಲಿ ಸೂಜಿ ಇಡಲೂ ಜಾಗವಿರಲಿಲ್ಲ. ಅಂಗಳದಲ್ಲಿ ತಗಡಿನ ಶೆಡ್ಡು ಎಬ್ಬಿಸಬೇಕು, ಶೆಡ್ಡಿಗೆ ನೆಲ ಸಮವಾಗಬೇಕು, ನೆಲ ಸಮವಾಗಬೇಕಾದರೆ ಬೊಡ್ಡೆಗಳು ಹೋಗಬೇಕು. ಅಳತೆಯ ಟೇಪು ಕೊರಳಿಗೆ ಹಾಕಿಕೊಂಡು ನಾಲ್ಕು ಸಲ ಅಳೆದು ನೋಡಿದ. ಎಲ್ಲಿಂದ ಅಳೆದರೂ ಹುಣಸೆ ಬೊಡ್ಡೆ ಸರಿಯಾಗಿ ನಡುಮಧ್ಯಕ್ಕೇ ಬರುತ್ತಿತ್ತು.

ಜೆಸಿಬಿಯವನನ್ನು ಕರೆಸಿದ. ಅವನು ನಡೆದುಕೊಂಡು ಬಂದು, ಓಣಿಯ ಬಾಯಲ್ಲಿ ನಿಂತು ಎರಡೂ ಕೈ ಚಾಚಿದ. ಎರಡೂ ಕಡೆಯ ಗೋಡೆ ಬೆರಳಿಗೆ ತಾಕಿತು. ಹಾಗೇ ವಾಪಸು ಹೋದ. ಕೊನೆಗೆ ಇಬ್ಬರು ಕೂಲಿಯವರು ಸೋಮವಾರದಿಂದ ಬರಲು ಒಪ್ಪಿದರು. ಅಲ್ಲಿಗೆ ಮುಗಿಯಬೇಕಾಗಿದ್ದ ಕೆಲಸ. ಆದರೆ ಅಂಜಿನಿಯ ಹೆಂಡತಿ ಸಾಯಿಲಕ್ಷ್ಮಿ ತವರಿಗೆ ಫೋನು ಮಾಡಿದಾಗ, ಇನ್ನೇನು ವಿಶೇಷ ಎಂದು ಅಪ್ಪ ಕೇಳಿದ್ದಕ್ಕೆ, ವಿಶೇಷವೇನೂ ಇಲ್ಲ, ಬೊಡ್ಡೆ ಕೀಳಿಸುತ್ತಿದ್ದೇವೆ ಅಂದುಬಿಟ್ಟಳು.

ಮರುದಿನ ಮಧ್ಯಾಹ್ನ ಅವಳಪ್ಪ ಮುದ್ದಪ್ಪ ಬಾಗಿಲಲ್ಲಿ ನಿಂತಿದ್ದರು. ಅವರದು ಮಡಕಶಿರಾ ಕಡೆ, ರೊಳ್ಳದ ಹತ್ತಿರದ ಹಳ್ಳಿ. ಕುರಿ ಸಾಕಿ ಜೀವನ ಮಾಡಿದವರು. ಅರವತ್ತೈದು ದಾಟಿದ್ದರೂ ಸೀಗೆಕಡ್ಡಿಯ ಹಾಗೆ ಗಟ್ಟಿ, ಮೀಸೆ ಮಾತ್ರ ಮೈಗಿಂತ ದಪ್ಪ. ಹೆಗಲ ಮೇಲಿನ ಕಂಬಳಿಯೊಳಗೆ ಹಾರೆ, ಗುದ್ದಲಿ, ಕೊಡಲಿ ಸುತ್ತಿಕೊಂಡಿದ್ದರು. ಬಸ್ಸಿನಲ್ಲಿ ಕಂಡಕ್ಟರು ಹಾರೆಗೂ ಟಿಕೇಟು ಹರಿದನಂತೆ. ಟಿಕೇಟು ಕೊಟ್ಟ ಮೇಲೆ ಸೀಟೂ ಕೊಡು ಎಂದು ಕಲ್ಯಾಣದುರ್ಗದವರೆಗೂ ಜಗಳವಾಡಿ, ಹಾರೆಯನ್ನು ಕಿಟಕಿಯ ಪಕ್ಕ ಕೂರಿಸಿಕೊಂಡು ಬಂದಿದ್ದರು. ಕೂಲಿಯವರ ವಿಷಯ ಕಿವಿಗೆ ಬಿದ್ದೊಡನೆ ಅವರ ಮುಖ ಬಾಡಿತು.

"ಅಳಿಯಂದ್ರೇ, ಕೂಲಿಯೋರ ಕೈಲಿ ಕೀಳ್ಸೋದಾದ್ರೆ ನಾನ್ಯಾಕಪ್ಪ ಬದುಕಿರೋದು?" ಎಂದು ಕೇಳಿದರು. "ನಮ್ ಕಡೆ ಹೊಲದಾಗೆ ನಾನು ಕೀಳದ ಬೊಡ್ಡೆ ಯಾವ್ದೈತೆ, ಹೇಳಿ ನೋಡಾನ."

ಮದುವೆಯಾಗಿ ಹನ್ನೆರಡು ವರ್ಷವಾಗಿದ್ದರೂ ಮಾವನ ಮುಂದೆ ಕಾಲು ಚಾಚಿ ಕೂತವನಲ್ಲ ಅಂಜಿನಿ. ಬದುಕಿರುವುದು ಯಾಕೆ ಎಂಬ ಪ್ರಶ್ನೆಗೆ ಉತ್ತರ ಹೇಳುವುದಕ್ಕಿಂತ ಕೂಲಿಯವರಿಗೆ ಫೋನು ಮಾಡಿ ಬರಬೇಡಿರೆನ್ನುವುದೇ ಸುಲಭವೆನಿಸಿತು.

ಆ ಸಂಜೆಯೇ ನುಗ್ಗೆ ಬೊಡ್ಡೆ ಹೊರಗೆ ಬಂತು. ಮುದ್ದಪ್ಪ ಪಂಚೆ ಎತ್ತಿಕಟ್ಟಿ, ಅಂಗೈಗೆ ಉಗುಳಿಕೊಂಡು, ಹಾರೆ ಎತ್ತಿ ಒಂದು ಏಟು ಹಾಕಿದರು. ಒಳಗೆ ಪೂರಾ ಗೆದ್ದಲು ತಿಂದಿದ್ದ ಬೊಡ್ಡೆ ಎರಡು ಹೋಳಾಗಿ ಮಲಗಿತು. ಹೊಲಿಯುವ ಹೆಂಗಸರು ಮಷೀನು ನಿಲ್ಲಿಸಿ ಬಂದು ನೋಡಿ ಬೆರಗಾದರು. ಅಂಜಿನಿಯ ತಾಯಿ ಉಜ್ಜಿನಮ್ಮ ಮಾತ್ರ ಹುಣಸೆ ಬೊಡ್ಡೆಯ ಮೇಲೆ ಕೂತು ಶೇಂಗಾ ಬಿಡಿಸುತ್ತಿದ್ದವಳು ತಲೆಯೆತ್ತಲಿಲ್ಲ.

"ಅದು ನುಗ್ಗಿ," ಅಂದಳು. "ಕೋಳಿ ಕೆದರಿದ್ರೂ ಬರ್ತಿತ್ತು."

ಅವಳು ಹೇಳಿದ್ದು ಶೇಂಗಾಕ್ಕೆ, ಮಗನಿಗಲ್ಲ, ಬೀಗರಿಗಂತೂ ಅಲ್ಲವೇ ಅಲ್ಲ. ಆದರೂ ಮುದ್ದಪ್ಪನವರ ಮೀಸೆ ಒಮ್ಮೆ ಅಲ್ಲಾಡಿತು.

ಬೇವಿನ ಬೊಡ್ಡೆಗೆ ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನ ಅಂಜಿನಿಗೆ ಒಂದು ವಿಷಯ ಅರ್ಥವಾಯಿತು: ಮಾವ ಅಗೆಯುವಾಗ ಅಳಿಯ ಕುರ್ಚಿಯ ಮೇಲೆ ಕೂರುವ ಹಾಗಿಲ್ಲ. ಮಣ್ಣಿನ ಪುಟ್ಟಿ ಹೊತ್ತು ಹೊತ್ತು ಅವನ ಕೈಗಳು ಸಂಜೆಗೆ ಪಟಪಟ ನಡುಗುತ್ತಿದ್ದವು. ಆ ಕೈಯಲ್ಲೇ ಅರವತ್ತು ಪದರ ಜೀನ್ಸ್ ಬಟ್ಟೆ ಹಾಸಿ ಹಿಂದಿನ ಜೇಬು ಕಟ್ ಮಾಡಿದ. ಎಲ್ಲವೂ ಒಂದು ಕಡೆಗೆ ವಾಲಿದವು. ಕೆಲವು ದಿನದ ಮೇಲೆ ಬಳ್ಳಾರಿಯ ವ್ಯಾಪಾರಿಯಿಂದ ಫೋನು ಬಂದಾಗ ಬೈಗುಳಕ್ಕೆ ತಯಾರಾಗಿಯೇ ಎತ್ತಿಕೊಂಡ. ವ್ಯಾಪಾರಿ ಬಯ್ಯಲಿಲ್ಲ. ಈ ವಾಲಿದ ಜೇಬು ಹುಡುಗರಿಗೆ ಬಹಳ ಹಿಡಿಸಿದೆ, ಇನ್ನೂ ಇನ್ನೂರು ಪ್ಯಾಂಟು ಹೀಗೇ ಬೇಕು ಅಂದರು. ಅಂಜಿನಿ ಎಷ್ಟು ಪ್ರಯತ್ನಪಟ್ಟರೂ ಬೇಕೆಂದು ಸೊಟ್ಟಗೆ ಕತ್ತರಿಸಲು ಬರಲಿಲ್ಲ. ಕೊನೆಗೆ ಕಟಿಂಗಿಗೆ ಮುಂಚೆ ಅರ್ಧ ಗಂಟೆ ಮಣ್ಣು ಹೊರುವುದನ್ನು ರೂಢಿ ಮಾಡಿಕೊಂಡ.

ಬುಧವಾರ ಹುಣಸೆಯ ಸರದಿ ಬಂತು. ನಿಜವಾದ ಕಥೆ ಶುರುವಾದದ್ದು ಅಲ್ಲಿಂದ.

ಮುದ್ದಪ್ಪ ಬೆಳಿಗ್ಗೆ ಆರಕ್ಕೆ ಹಾರೆ ಹಿಡಿದು ಹೊರಗೆ ಬಂದರೆ ಬೊಡ್ಡೆಯ ಮೇಲೆ ಉಜ್ಜಿನಮ್ಮ ಕೂತಿದ್ದಳು. ಮಡಿಲಲ್ಲಿ ಮೊರ, ಮೊರದಲ್ಲಿ ಶೇಂಗಾ. ಮುದ್ದಪ್ಪ ಸ್ವಲ್ಪ ಹೊತ್ತು ಬೇರೆ ಕಡೆ ಮುಖ ಮಾಡಿ ನಿಂತರು. ಆಮೇಲೆ ಕೆಮ್ಮಿದರು. ಉಜ್ಜಿನಮ್ಮ ಸೊಸೆಯನ್ನು ಕೂಗಿ, ನಿಮ್ಮಪ್ಪಗ ಕೆಮ್ಮು ಬಂದೈತಿ ನೋಡು, ಮೆಣಸಿನ ಕಷಾಯ ಮಾಡಿಕೊಡು ಎಂದಳು. ಮುದ್ದಪ್ಪ ಕಷಾಯ ಕುಡಿದರು. ಒಂಬತ್ತು ಗಂಟೆಗೆ ಮತ್ತೊಮ್ಮೆ ಕೆಮ್ಮಿದರು, ಮತ್ತೊಂದು ಲೋಟ ಬಂತು. ಆ ದಿನ ಅವರು ಒಟ್ಟು ಐದು ಲೋಟ ಕಷಾಯ ಕುಡಿದರು, ಒಂದು ಗುದ್ದಲಿ ಮಣ್ಣೂ ಎತ್ತಲಿಲ್ಲ.

ಮರುದಿನ ಅವರು ಐದೂವರೆಗೆ ಎದ್ದರು. ಉಜ್ಜಿನಮ್ಮ ಐದೂಕಾಲಿಗೇ ಎದ್ದಿದ್ದಳು. ಅದರ ಮರುದಿನ ಅವರು ಐದಕ್ಕೆ ಎದ್ದರೆ, ಅವಳು ಆಗಲೇ ಅರ್ಧ ಮೊರ ಬಿಡಿಸಿ ಆಗಿತ್ತು. ಹಿಂದೆ ದಿನಕ್ಕೆ ಒಂದು ಹೊತ್ತು ಮಾತ್ರ ಅಲ್ಲಿ ಕೂರುತ್ತಿದ್ದವಳು ಈಗ ಬೆಳಿಗ್ಗೆ ಸಂಜೆ ಎರಡು ಹೊತ್ತೂ ಕೂರತೊಡಗಿದಳು. ಮಧ್ಯಾಹ್ನದ ಉರಿಬಿಸಿಲಿಗೆ ಇಬ್ಬರೂ ಒಳಗೆ ಹೋಗಿ ಮಲಗುತ್ತಿದ್ದರು. ಇಬ್ಬರಿಗೂ ಒಪ್ಪಿಗೆಯಾಗಿದ್ದ ವಿಷಯ ಅದೊಂದೇ.

ಊಟದಲ್ಲೂ ಹೊಂದಾಣಿಕೆಯಿರಲಿಲ್ಲ. ಮುದ್ದಪ್ಪನವರಿಗೆ ರಾಗಿಮುದ್ದೆಯಿಲ್ಲದೆ ಕೈಗೆ ಬಲ ಬರುವುದಿಲ್ಲ. ಉಜ್ಜಿನಮ್ಮನಿಗೆ ಜೋಳದ ರೊಟ್ಟಿ ಬಡಿಯದ ಮನೆ ಮನೆಯೇ ಅಲ್ಲ. ಸಾಯಿಲಕ್ಷ್ಮಿ ಒಂದು ಒಲೆಯ ಮೇಲೆ ಮುದ್ದೆ ತಿರುವಿ, ಇನ್ನೊಂದರ ಮೇಲೆ ರೊಟ್ಟಿ ಸುಟ್ಟು, ಎರಡನ್ನೂ ತಿನ್ನಲು ಹೊತ್ತಿಲ್ಲದೆ ಅನ್ನ ಮಜ್ಜಿಗೆ ಕಲಸಿಕೊಂಡು ನಿಂತೇ ತಿನ್ನುತ್ತಿದ್ದಳು.

ಮುದ್ದಪ್ಪ ಅಳಿಯನನ್ನು ಪಕ್ಕಕ್ಕೆ ಕರೆದು, ನಿಮ್ಮ ತಾಯಿಗೆ ಒಂದು ಮಾತು ಹೇಳಿ ಅಂದರು. ಅಂಜಿನಿ ತಾಯಿಯ ಹತ್ತಿರ ಹೋಗಿ ನಿಂತ. ಅವಳು ತಲೆಯೆತ್ತಿ ನೋಡಿದಳು. ಶೇಂಗಾ ಈ ಸಲ ಗಟ್ಟಿಯಾಗಿದೆಯಾ ಎಂದು ಕೇಳಿ ಅವನು ವಾಪಸು ಬಂದ. ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ, ನೀನಾದರೂ ಹೇಳು ಅಂದ. ಅವಳು ಮುದ್ದೆ ತಿರುವುತ್ತಲೇ, ಅತ್ತೆಗೆ ಎದ್ದೇಳಿ ಎನ್ನುವ ಸೊಸೆ ಯಾವ ಊರಲ್ಲಿದ್ದಾಳೆ ಎಂದು ಕೇಳಿದಳು. ಮಾವನವರೇ ನೇರವಾಗಿ ಕೇಳಬಹುದಲ್ಲ ಎಂದು ಅಂಜಿನಿ ಗೊಣಗಿದ್ದಕ್ಕೆ, ಹೆಣ್ಣು ಕೊಟ್ಟವರು ಗಂಡಿನ ತಾಯಿಯನ್ನು ಎಬ್ಬಿಸುವುದುಂಟಾ ಅಂದಳು. ಹೀಗೆ ಆ ಮನೆಯಲ್ಲಿ ನಾಲ್ಕು ಜನರಿದ್ದರೂ ಆ ಒಂದು ಮಾತನ್ನು ಆಡಲು ಯೋಗ್ಯತೆಯಿರುವವರು ಒಬ್ಬರೂ ಇರಲಿಲ್ಲ.

ನಾಲ್ಕನೆಯ ದಿನ ಮುದ್ದಪ್ಪ ಬೇರೆ ದಾರಿ ಕಂಡುಕೊಂಡರು. ಬೊಡ್ಡೆಯನ್ನು ಮುಟ್ಟದೆ, ಎರಡು ಮೊಳ ದೂರದಿಂದ, ಸುತ್ತ ಅಗೆಯತೊಡಗಿದರು. ಉಜ್ಜಿನಮ್ಮ ಕೂತಿದ್ದ ಹಾಗೇ ಕೂತಿದ್ದಳು. ದಿನದಿನಕ್ಕೆ ಗುಂಡಿ ಒತ್ತರಿಸಿಕೊಂಡು ಬಂತು. ಬೇರುಗಳು ಒಂದೊಂದಾಗಿ ಕಂಡವು, ತೊಡೆಯಷ್ಟು ದಪ್ಪದವು. ಮುದ್ದಪ್ಪ ಕೊಡಲಿ ಹಾಕಿ ಕಡಿಯುತ್ತಿದ್ದರು. ಏಟು ಬಿದ್ದಾಗಲೆಲ್ಲ ಮೊರದ ಶೇಂಗಾ ಎಗರುತ್ತಿತ್ತು. ಅವಳು ಕಾಲು ಮೇಲಕ್ಕೆಳೆದುಕೊಂಡು ಚಕ್ಕಳಮಕ್ಕಳ ಹಾಕಿ ಕೂತಳು. ಬೀಗಿತ್ತಿ ಇಳಿದು ಹೋಗಲು ಬೇಕಲ್ಲ ಎಂದು ಮುದ್ದಪ್ಪ ಮನೆಯ ಬಾಗಿಲ ಕಡೆಗೆ ಒಂದು ಗೇಣಗಲದ ಮಣ್ಣಿನ ದಾರಿ ಉಳಿಸಿದ್ದರು. ದಿನಾ ಮಧ್ಯಾಹ್ನ ಅವಳು ಸೀರೆಯ ನೆರಿಗೆ ಎತ್ತಿ ಆ ದಾರಿಯ ಮೇಲೆ ನಡೆದು ಬರುವಾಗ ಅವರು ಗೌರವದಿಂದ ಗುಂಡಿಯೊಳಗೆ ಆಚೆ ಮುಖ ಮಾಡಿ ನಿಲ್ಲುತ್ತಿದ್ದರು. ಬೇರಿನಿಂದೆದ್ದ ಕೆಂಜಿರುವೆಗಳು ಕಾಟ ಕೊಟ್ಟದ್ದಕ್ಕೆ ಉಜ್ಜಿನಮ್ಮ ಬೊಡ್ಡೆಗೆ ಅರಿಸಿನ ಮೆತ್ತಿದಳು. ಬಿಸಿಲಿಗೆ ಬಾಯಾರುತ್ತದೆಂದು ಮುದ್ದಪ್ಪ ದಿನಕ್ಕೆ ಆರು ಸಲ ಉಪ್ಪು ಹಾಕಿದ ನಿಂಬೆ ನೀರು ಕುಡಿದು, ಹಿಂಡಿದ ಹೋಳುಗಳನ್ನು ಗುಂಡಿಯ ದಂಡೆಯ ಮೇಲೆ ಸಾಲಾಗಿ ಇಟ್ಟರು.

ಇಷ್ಟರಲ್ಲಿ ಪಕ್ಕದ ಮನೆಯ ಪಾಪಕ್ಕ ಕಾಂಪೌಂಡಿನ ಮೇಲಿಂದ ಬಗ್ಗಿ, ಇಷ್ಟೊಂದು ಮಣ್ಣು ಯಾಕೆ ತೋಡುತ್ತಿದ್ದೀರಿ ಎಂದು ಉಜ್ಜಿನಮ್ಮನನ್ನು ಕೇಳಿದಳು. ಸಿಟ್ಟಿನಲ್ಲಿದ್ದ ಉಜ್ಜಿನಮ್ಮ, "ನಮ್ಮ ಬೀಗರನ್ನ ಕೇಳವ್ವ, ಒಳಗ ಏನು ಹೂತಿಟ್ಟಾರೋ ನಂಗೇನು ಗೊತ್ತು," ಅಂದಳು.

ರಾಯದುರ್ಗ ಕೋಟೆಬೆಟ್ಟದ ಬುಡದ ಊರು. ಅಲ್ಲಿ ಯಾರಾದರೂ ಎರಡಡಿಗಿಂತ ಆಳ ಅಗೆದರೆ ಅದು ಪಾಯಖಾನೆಗೆ ಎಂದು ಯಾರೂ ನಂಬುವುದಿಲ್ಲ. ಸಂಜೆಯ ಹೊತ್ತಿಗೆ ಓಣಿಯ ತುದಿಯ ಚಹಾದಂಗಡಿಯಲ್ಲಿ ಅಂಜಿನಿಯ ಅಂಗಳದಲ್ಲಿ ಹೊನ್ನು ತುಂಬಿದ ಕೊಪ್ಪರಿಗೆಯಿತ್ತು. ಮರುದಿನ ಬೆಳಿಗ್ಗೆ ಅದು ಏಳು ಕೊಪ್ಪರಿಗೆಯಾಯಿತು. ಹೆಪ್ಪಿಗೆ ಮೊಸರು ಕೇಳುವವರು, ಪ್ಯಾಂಟಿಗೆ ಅಳತೆ ಕೊಡುವವರು, ಕಾಣೆಯಾದ ಮೇಕೆ ಹುಡುಕುವವರು ಒಬ್ಬರ ಹಿಂದೊಬ್ಬರು ಬಂದು ಗುಂಡಿಯೊಳಗೆ ಇಣುಕಿ ಹೋದರು. ಎಂಬತ್ತು ವರ್ಷದ ಒಬ್ಬ ಮುದುಕ ಜೀನ್ಸಿಗೆ ಅಳತೆ ಕೊಟ್ಟುಹೋದ. ಅಂಜಿನಿ ಎಲ್ಲರಿಗೂ ಅದು ಬರೀ ಬೊಡ್ಡೆ ಎಂದು ಹೇಳಿದ. ಅಷ್ಟು ಒತ್ತಿ ಹೇಳುತ್ತಾನೆಂದರೆ ಏನೋ ಇದೆ ಎಂದು ಅವರೆಲ್ಲ ತಲೆದೂಗಿ ಹೋದರು.

ಹುಣಸೆಗೆ ಕೈ ಹಾಕಿದ ಹನ್ನೆರಡನೆಯ ದಿನ ಭಾನುವಾರ. ಅಂಜಿನಿ ಪ್ಯಾಂಟಿನ ಗಂಟು ಹಾಕಿ ಬರಲು ಲಾರಿ ಆಫೀಸಿಗೆ ಹೋಗಿದ್ದವನು, ಬರುವಾಗ ಮಾವನಿಗೆಂದು ಒಂದು ನಾಟಿ ಹುಂಜ ತಂದು ಗೇಟಿಗೆ ಕಟ್ಟಿದ. ತಿರುಗಿ ನೋಡಿದರೆ ಗೇಣಗಲದ ದಾರಿ ಇರಲಿಲ್ಲ.

ಹೇಗಾಯಿತೆಂದು ಆಮೇಲೆ ಎರಡು ಥರ ಹೇಳಿದರು. ಕೆಳಗಿನ ಬೇರು ಕಡಿಯುವಾಗ ಮಣ್ಣು ತಾನೇ ಕುಸಿಯಿತೆಂದು ಮುದ್ದಪ್ಪ. ಬೇಕೆಂದೇ ಹಾರೆ ಹಾಕಿ ಕೆಡವಿದರೆಂದು ಉಜ್ಜಿನಮ್ಮ. ಕುಸಿದಾಗ ಅವಳು ನೋಡಿದಳು, ಅವರೂ ನೋಡಿದರು, ಆಮೇಲೆ ಅವಳು ಶೇಂಗಾ ಬಿಡಿಸಿದಳು, ಅವರು ಬೇರು ಕಡಿದರು. ಈಗ ಎದೆಯುದ್ದ ಆಳದ, ಮೂರಡಿ ಅಗಲದ ಗುಂಡಿಯ ನಡುವೆ, ದ್ವೀಪದ ಮೇಲಿನ ಹಾಗೆ ಉಜ್ಜಿನಮ್ಮ ಕೂತಿದ್ದಳು. ಹನ್ನೊಂದು ಗಂಟೆಯ ಬಿಸಿಲು ನೆತ್ತಿಗೆ ಬಡಿಯುತ್ತಿತ್ತು. ಸಾಯಿಲಕ್ಷ್ಮಿ ಜೀನ್ಸ್ ಥಾನು ಸುತ್ತುವ ಉದ್ದನೆಯ ಕೋಲಿನ ತುದಿಗೆ ಕಪ್ಪು ಕೊಡೆ ಸಿಕ್ಕಿಸಿ ಅತ್ತೆಗೆ ದಾಟಿಸಿದ್ದಳು; ಅದೇ ಕೋಲಿಗೆ ಮಜ್ಜಿಗೆ ತಂಬಿಗೆಯನ್ನೂ ನೇತುಹಾಕಿ ಕಳಿಸಿದ್ದಳು. ಉಜ್ಜಿನಮ್ಮ ಕೊಡೆ ಹಿಡಿದು ಮಜ್ಜಿಗೆ ಕುಡಿಯುತ್ತ, ಏನೂ ಆಗದವಳ ಹಾಗೆ ಬೆಟ್ಟದ ಕಡೆ ನೋಡುತ್ತಿದ್ದಳು. ಮುದ್ದಪ್ಪ ಬರಿಮೈಯಲ್ಲಿ, ಕೊಡಲಿ ಹೆಗಲ ಮೇಲಿಟ್ಟು, ಗುಂಡಿಯೊಳಗೆ ಸುತ್ತ ತಿರುಗುತ್ತಿದ್ದರು.

ಅಂಜಿನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ಯವ್ವಾ, ಒಂದ್ ಹಲಿಗಿ ಹಾಕ್ಲೇನು?" ಎಂದು ಕೇಳಿದ. ನಾನೇನು ಇಳಿಯುತ್ತೇನೆ ಅಂದೆನೇ ಎಂದು ಅವಳು ಕೇಳಿದಳು. ಅಷ್ಟರಲ್ಲಿ ಗೇಟಿನ ಆಚೆ ಮೋಟಾರ್ ಸೈಕಲ್ಲು ನಿಂತಿತು.

ಕಾನ್‌ಸ್ಟೇಬಲ್ ಬಸವರಾಜು ಒಳಗೆ ಬಂದ. ಇಪ್ಪತ್ತೈದು ವರ್ಷದ ಸಣಕಲ ಹುಡುಗ, ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಯಾರೋ ಹೆಸರು ಹೇಳದೆ ಫೋನು ಮಾಡಿ, ಈ ಮನೆಯಲ್ಲಿ ನಿಧಿ ತೆಗೆಯುತ್ತಿದ್ದಾರೆಂದು ದೂರು ಕೊಟ್ಟಿದ್ದರು. ಅವನು ಗೇಟು ದಾಟಿ ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟ. ಅವನ ಕಣ್ಣು ಮೊದಲು ಕಟ್ಟಿಹಾಕಿದ ಹುಂಜದ ಮೇಲೆ ಬಿತ್ತು. ಆಮೇಲೆ ಸಾಲಾಗಿಟ್ಟ ನಿಂಬೆಹಣ್ಣಿನ ಹೋಳುಗಳ ಮೇಲೆ. ಆಮೇಲೆ ಗುಂಡಿಯ ಮೇಲೆ, ಅರಿಸಿನ ಬಳಿದ ಬೊಡ್ಡೆಯ ಮೇಲೆ, ಬೊಡ್ಡೆಯ ಮೇಲೆ ಕಪ್ಪು ಕೊಡೆ ಹಿಡಿದು ಕೂತ ಮುದುಕಿಯ ಮೇಲೆ. ಕೊನೆಗೆ ಅವಳ ಸುತ್ತ ಕೊಡಲಿ ಹಿಡಿದು ಪ್ರದಕ್ಷಿಣೆ ಹಾಕುತ್ತಿದ್ದ ದಪ್ಪ ಮೀಸೆಯ ಮೇಲೆ.

ಯಾರೂ ಅಲ್ಲಾಡಬಾರದು ಎಂದು ತೆಲುಗಿನಲ್ಲಿ ಹೇಳಿದ, ಅದನ್ನೇ ಕನ್ನಡದಲ್ಲಿ ಇನ್ನೊಮ್ಮೆ ಹೇಳಿದ. ಕೊಡಲಿ ಕೆಳಗಿಡಿಸಿದ. ಆಮೇಲೆ ಗುಂಡಿಯ ದಂಡೆಗೆ ಬಂದು, ಮಗುವನ್ನು ಮಾತಾಡಿಸುವ ದನಿಯಲ್ಲಿ ಕೇಳಿದ.

"ಅಜ್ಜಿ, ಹೆದರಬ್ಯಾಡ್ರಿ. ನಾನದೀನಿ. ನಿಮ್ಮನ್ನ ಇಲ್ಲಿ ಯಾರು ಕುಂದ್ರಿಸಿದ್ರು?"

"ಯಾರು ಕುಂದ್ರಿಸ್ತಾರಪ್ಪ? ನಮ್ಮ ಮನಿ, ನಮ್ಮ ಬೊಡ್ಡಿ. ನಾನಾ ಕುಂತೀನಿ."

"ಮತ್ತ ಯಾಕ ಇಳಿವಲ್ರಿ?"

ಉಜ್ಜಿನಮ್ಮ ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. "ಇಳೀರಿ ಅಂತ ಯಾರಾರ ಒಬ್ರು ಅಂದಿದ್ರ ಇಳೀತಿದ್ದೆ. ಹನ್ನೆರಡು ದಿನಾತು, ಒಬ್ರೂ ಅಂದಿಲ್ಲ. ನನ್ನ ಅಂಗಳದಾಗ ಬಂದು ಗುಂಡಿ ತೋಡ್ತಾರ, ಕೀಳ್ಲೇನು ಅಂತ ನನ್ನ ಒಂದ್ ಮಾತು ಕೇಳಿಲ್ಲ. ಕೇಳಿದ್ರ ಕೀಳ್ರಿ ಅಂತಿದ್ದೆ."

ಬಸವರಾಜು ಮುದ್ದಪ್ಪನವರ ಕಡೆ ತಿರುಗಿದ. ಅವರು ತಲೆ ತಗ್ಗಿಸಿ ನಿಂತಿದ್ದರು.

"ನಾನು ಹೆಣ್ಣು ಕೊಟ್ಟೋನು ಸಾರ್," ಅಂದರು. "ಬೀಗಿತ್ತಿ ಕುಂತಿರೋವಾಗ ಎದ್ದೇಳಮ್ಮ ಅಂತ ಯಾವ ಬಾಯಾಗೆ ಅನ್ಲಿ? ಕೆಮ್ಮಿ ನೋಡ್ದೆ. ಕಷಾಯ ಕುಡ್ಸಿದ್ರು."

ಬಸವರಾಜುವಿಗೆ ಇದಾವುದೂ ಕೂಡಲೇ ತಲೆಗೆ ಹೋಗಲಿಲ್ಲ. ನಿಂಬೆಹಣ್ಣು ಯಾಕೆ ಎಂದು ಕೇಳಿದ. ಸಾಯಿಲಕ್ಷ್ಮಿ ಉತ್ತರ ಹೇಳುವ ಬದಲು ಒಳಗೆ ಹೋಗಿ ಒಂದು ದೊಡ್ಡ ಲೋಟದಲ್ಲಿ ನಿಂಬೆ ಶರಬತ್ತು ತಂದು ಅವನ ಕೈಗಿಟ್ಟಳು. ಅವನು ಕುಡಿದ. ಅರಿಸಿನ ಯಾಕೆ ಎಂದು ಕೇಳುವಷ್ಟರಲ್ಲಿ ಒಂದು ಕೆಂಜಿರುವೆ ಅವನ ಪ್ಯಾಂಟಿನೊಳಗೆ ಹೊಕ್ಕು ಉತ್ತರ ಹೇಳಿತು. ಹುಂಜದ ವಿಷಯ ಅವನೇ ಬಿಟ್ಟುಬಿಟ್ಟ. ಭಾನುವಾರ ಹುಂಜ ಯಾಕೆ ಎಂದು ಕೇಳುವಷ್ಟು ದಡ್ಡನಾಗಿರಲಿಲ್ಲ. ಅಷ್ಟರಲ್ಲಿ ಪೊಲೀಸು ಬಂದ ಸುದ್ದಿ ಹರಡಿ ಕಾಂಪೌಂಡಿನ ಮೇಲೆ ಓಣಿಯ ಅರ್ಧ ಜನ ಹತ್ತಿ ಕೂತಿದ್ದರು. ಎಲ್ಲರಿಗಿಂತ ಮುಂದೆ ಪಾಪಕ್ಕ ಸ್ಟೂಲು ಹಾಕಿಕೊಂಡಿದ್ದಳು.

ಬಸವರಾಜು ಟೋಪಿ ಸರಿಮಾಡಿಕೊಂಡು, "ಅಜ್ಜಿ, ಈಗ ನಾನು ಹೇಳ್ತೀನಿ. ದಯವಿಟ್ಟು ಇಳೀರಿ," ಅಂದ.

"ಆತಪ್ಪ," ಎಂದು ಉಜ್ಜಿನಮ್ಮ ಕೂಡಲೇ ಕೊಡೆ ಮಡಚಿದಳು.

ಅಂಜಿನಿ ಕಟಿಂಗ್ ಟೇಬಲ್ಲಿನ ಹಲಗೆ ಬಿಚ್ಚಿಕೊಂಡು ಬಂದು ದಂಡೆಯಿಂದ ಬೊಡ್ಡೆಗೆ ಅಡ್ಡ ಹಾಕಿದ. ಮುದ್ದಪ್ಪ ಗುಂಡಿಯಿಂದ ಮೇಲೆ ಬಂದು ಹಲಗೆಯ ತುದಿ ಅದುಮಿ ಹಿಡಿದು, ರೂಢಿಯಂತೆ ಆಚೆ ಮುಖ ಮಾಡಿದರು. ಅಜ್ಜಿ ಜಾರಿದರೆ ಹಿಡಿಯಲು ಬಸವರಾಜು ಗುಂಡಿಯ ಮೇಲೆ ಬಗ್ಗಿ ಕೈ ಚಾಚಿದ. ಉಜ್ಜಿನಮ್ಮ ಎದ್ದು ನಿಂತಳು. ಮೊರ ಕಂಕುಳಲ್ಲಿಟ್ಟುಕೊಂಡಳು. ಹಲಗೆಯ ಮೇಲೆ ಬಲಗಾಲು ಇಟ್ಟು, ಎಡಗಾಲಿನಿಂದ ಬೊಡ್ಡೆಯನ್ನು ಹಿಂದಕ್ಕೆ ಒತ್ತಿದಳು.

ನೆಲದೊಳಗಿನಿಂದ ಲಟಲಟ ಸದ್ದು ಬಂತು. ಸುತ್ತಲಿನ ಬೇರೆಲ್ಲ ಕಡಿದು, ಬರೀ ತಾಯಿಬೇರಿನ ಮೇಲೆ ನಿಂತಿದ್ದ ಬೊಡ್ಡೆ ಒಮ್ಮೆ ತೂಗಾಡಿ, ನಿಧಾನಕ್ಕೆ, ಎಮ್ಮೆ ಮಲಗುವ ಹಾಗೆ ಹಿಂದಕ್ಕೆ ಒರಗಿತು. ಉಜ್ಜಿನಮ್ಮ ಅದನ್ನು ತಿರುಗಿಯೂ ನೋಡದೆ ಪುಟುಪುಟು ಹಲಗೆ ದಾಟಿ ದಂಡೆಗೆ ಬಂದಳು. ಬಗ್ಗಿ ನಿಂತಿದ್ದ ಬಸವರಾಜು ಮಾತ್ರ ಹಿಡಿಯಲು ಯಾರೂ ಸಿಗದೆ, ಚಾಚಿದ ಕೈ ಚಾಚಿದ ಹಾಗೇ ಗುಂಡಿಯೊಳಗಿನ ಮೆತ್ತನೆ ಮಣ್ಣಿನಲ್ಲಿ ಹೋಗಿ ಕೂತ. ಅವನ ಟೋಪಿ ಮೇಲಕ್ಕೆದ್ದ ಒಂದು ಬೇರಿಗೆ ಹೋಗಿ ಸಿಕ್ಕಿಕೊಂಡಿತು.

ಉಜ್ಜಿನಮ್ಮ ಸೀರೆ ಝಾಡಿಸಿಕೊಂಡು, ಮೊರದಲ್ಲಿ ಶೇಂಗಾ ಚೆಲ್ಲಿದೆಯೋ ಎಂದು ನೋಡಿ, "ಇಷ್ಟೇ ಏನು? ಒಂದ್ ಕಾಲಾಗ ಆಗೋ ಕೆಲ್ಸ," ಅಂದಳು.

ಕಾಂಪೌಂಡಿನ ಮೇಲಿದ್ದವರು ಬಿದ್ದು ಬಿದ್ದು ನಕ್ಕರು. ಮುದ್ದಪ್ಪ ನಗಲಿಲ್ಲ. ಹಲಗೆಯ ತುದಿ ಹಿಡಿದುಕೊಂಡೇ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ತಲೆಕೆಳಗಾದ ಬೊಡ್ಡೆಯನ್ನು ನೋಡುತ್ತಿದ್ದರು. ಹದಿನೈದು ದಿನಕ್ಕೂ ಮೇಲೆ ಬೊಬ್ಬೆಯೆದ್ದ ಕೈ. ಬೊಡ್ಡೆ ಉರುಳಿದ ಆ ಗಳಿಗೆಯಲ್ಲಿ ಅವರ ಮುಖ ಗೋಡೆಯ ಕಡೆಗಿತ್ತು. ಮಾವ ಬಂದ ದಿನದಿಂದ ಅವರು ಯಾವಾಗ ಊರಿಗೆ ಹೋಗುತ್ತಾರೋ ಎಂದು ಲೆಕ್ಕ ಹಾಕುತ್ತಿದ್ದ ಅಂಜಿನಿಗೆ ಆಗ ಅವರ ಪಕ್ಕ ಹೋಗಿ ಕೂರಬೇಕೆನಿಸಿತು. ಹೋಗಿ ಕೂತ.

ಮಣ್ಣು ಕೊಡವಿಕೊಂಡು ಮೇಲೆ ಬಂದ ಬಸವರಾಜು ಪುಸ್ತಕ ತೆಗೆದ. ದೂರು ಬಂದದ್ದಕ್ಕೆ ಏನಾದರೂ ಬರೆಯಲೇಬೇಕಿತ್ತು. ನಿಧಿ ಇಲ್ಲ, ಮರದ ಬೊಡ್ಡೆ ಇತ್ತು, ಅದನ್ನು ಕೀಳಲಾಯಿತು ಎಂದು ತೆಲುಗಿನಲ್ಲಿ ಬರೆದು, ಕಿತ್ತವರು ಯಾರು ಎಂದು ಕೇಳಿದ. ಉಜ್ಜಿನಮ್ಮ ಮಗನ ಕಡೆ ನೋಡಿದಳು. ಮುದ್ದಪ್ಪ ಅಳಿಯನ ಕಡೆ ನೋಡಿದರು. ಸಾಯಿಲಕ್ಷ್ಮಿ ಎಲ್ಲಿಯೂ ನೋಡಲಿಲ್ಲ. ಅಂಜಿನಿ ಹನ್ನೆರಡು ದಿನ ಮುಚ್ಚಿಕೊಂಡಿದ್ದ ಬಾಯಿಯನ್ನು ಆಗ ತೆರೆದ.

"ಬರ್ಕೊಳ್ರಿ ಸಾರ್. ಕಿತ್ತೋರು ನಮ್ಮ ಮಾವಾರು. ನಮ್ಮವ್ವ ಕಾಲು ತಾಕಿಸಿದ್ಲು, ಅಷ್ಟ."

ಉಜ್ಜಿನಮ್ಮ ಮಗನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಮೊರ ಸೊಸೆಯ ಕೈಗೆ ಕೊಟ್ಟು, ಬೀಗರಿಂದ ನಾಲ್ಕು ಹೆಜ್ಜೆ ದೂರಕ್ಕೆ ಬಂದು ನಿಂತಳು. ಅವಳು ಅವರೊಂದಿಗೆ ನೇರವಾಗಿ ಮಾತಾಡಿದ್ದು ಮದುವೆಯ ನಂತರ ಅದೇ ಮೊದಲು.

"ಬೀಗರ, ಕೈಗೆ ಕೊಬ್ಬರಿ ಎಣ್ಣಿ ಹಚ್ಕೊಳ್ರಿ. ಬರೆಸ್ರಿ ನಿಮ್ಮ ಹೆಸರಾ. ನಂಗ ಪೊಲೀಸ್ ಪುಸ್ತಕದಾಗ ಹೆಸರು ಬ್ಯಾಡ."

ಮುದ್ದಪ್ಪ ಎದ್ದು ನಿಂತು, ಹೆಸರು, ಅಪ್ಪನ ಹೆಸರು, ಊರು, ಮಂಡಲ ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿ ಬರೆಸಿದರು. ಕೆಳಗೆ ಹೆಬ್ಬೆಟ್ಟು ಒತ್ತಬೇಕಾ ಎಂದು ಆಸೆಯಿಂದ ಕೇಳಿದರು. ಬೇಡವೆಂದರೂ ಒತ್ತಿದರು.

ಇನ್ನೂ ಒಂದು ತೊಡಕು ಉಳಿದಿತ್ತು. ಉರುಳಿದ ಬೊಡ್ಡೆ ಗುಂಡಿಯೊಳಗೇ ಇತ್ತು, ಅದನ್ನು ಎತ್ತುವುದು ನಾಲ್ಕು ಜನರ ಕೈಯಲ್ಲಿ ಆಗುವ ಕೆಲಸವಲ್ಲ. ಆದರೆ ಅದರ ಕೆಳಗೇ ಕೊಪ್ಪರಿಗೆ ಇರಬೇಕೆಂದು ಕಾಂಪೌಂಡಿನ ಜನಕ್ಕೆ ಆಗಲೂ ಆಸೆ ಹೋಗಿರಲಿಲ್ಲ. ಕರೆಯದೆಯೇ ಹದಿನಾರು ಜನ ಗುಂಡಿಗೆ ಇಳಿದರು. ಹಗ್ಗ ಬಂತು, ಬಿದಿರು ಬಂತು, ಯಾರದೋ ಗ್ಯಾರೇಜಿನಿಂದ ಚೈನಿನ ರಾಟೆಯೂ ಬಂತು. ಒಂದು ಗಂಟೆಯಲ್ಲಿ ಬೊಡ್ಡೆ ಮೇಲೆ ಬಂದು ಕೂತಿತು. ಕೆಳಗೆ ಎರಡು ಗೋಲಿಯೂ ಒಂದು ಎಡಗಾಲಿನ ರಬ್ಬರ್ ಚಪ್ಪಲಿಯೂ ಸಿಕ್ಕವು. ಪಾಪಕ್ಕ ಸ್ಟೂಲಿನ ಮೇಲಿಂದಲೇ, ಅದು ತನ್ನ ಗಂಡನದು, ಬಲಗಾಲಿನದೂ ಅಲ್ಲೇ ಇರುತ್ತದೆ, ಇನ್ನು ಸ್ವಲ್ಪ ಅಗೆದು ನೋಡಿ ಅಂದಳು. ಯಾರೂ ಅಗೆಯಲಿಲ್ಲ. ಮಟನ್ ಅಂಗಡಿಯವನೊಬ್ಬ ಮಾತ್ರ ಬೊಡ್ಡೆಯ ಸುತ್ತ ಎರಡು ಸುತ್ತು ಹಾಕಿ, ಮಾಂಸ ಕೊಚ್ಚಲು ಹುಣಸೆಯ ಕೊರಡಿಗಿಂತ ಗಟ್ಟಿ ಬೇರೆಯಿಲ್ಲ, ಕೊಡುತ್ತೀರಾ ಎಂದು ಕೇಳಿದ. ಅಂಜಿನಿ ಅವನ ಕೈ ಹಿಡಿದುಕೊಂಡು ಈಗಲೇ ಒಯ್ಯಿ ಅಂದ. ಉರುಳಿಸಿಕೊಂಡು ಹೋಗುವಾಗ ಅದು ಓಣಿಯ ಎರಡೂ ಗೋಡೆಗೆ ತಾಕಿಕೊಂಡೇ ಹೋಯಿತು.

ಗುಂಡಿ ಮುಚ್ಚಿ, ನೀರು ಹಾಕಿ ತುಳಿದು, ನೆಲ ಸಮಮಾಡಿದ ಮೇಲೂ ಮುದ್ದಪ್ಪ ನಾಲ್ಕು ದಿನ ಇದ್ದರು. ಇರಿ ಎಂದವಳು ಉಜ್ಜಿನಮ್ಮ. ಆ ನಾಲ್ಕು ದಿನ ಇಬ್ಬರೂ ಜಗಲಿಯ ಎರಡು ತುದಿಯಲ್ಲಿ ಕೂತು, ಕುರಿ, ಮಳೆ, ಮೊಣಕಾಲು ನೋವು ಎಂದು ಮಾತಾಡಿದರು. ಹುಣಸೆಯ ಮಾತು ಬಂದಾಗ ಮಾತ್ರ ಇಬ್ಬರೂ ಒಟ್ಟಿಗೆ ಎದ್ದು ಒಳಗೆ ಹೋಗುತ್ತಿದ್ದರು. ಅಳಿಯನೇ ಬಸ್ ಸ್ಟ್ಯಾಂಡಿಗೆ ಹೋಗಿ ಮಾವನನ್ನು ಬಸ್ಸು ಹತ್ತಿಸಿ ಬಂದ.

ತಿಂಗಳೊಳಗೆ ಶೆಡ್ಡು ಎದ್ದಿತು. ಕಾಜಾ ಮಷೀನು ಬಂದ ದಿನ ನಾಲ್ಕು ಜನ ಹಮಾಲರು ಅದನ್ನು ಹೊತ್ತು ಗೇಟಿನೊಳಗೆ ತಂದರು. ಅಂಜಿನಿ ದಾರಿ ತೋರಿಸುತ್ತ ಮುಂದೆ ನಡೆದ. ನೆಲ ಹಪ್ಪಳದ ಹಾಗೆ ಸಮನಾಗಿತ್ತು, ಎಲ್ಲಿಯೂ ಒಂದು ಕಲ್ಲೂ ಇರಲಿಲ್ಲ. ಆದರೂ ಅವನ ಕಾಲು ಗೇಟಿನಿಂದ ನೇರ ಹೋಗದೆ ಮೊದಲು ಎಡಕ್ಕೆ ತಿರುಗಿತು, ಆಮೇಲೆ ಬಲಕ್ಕೆ, ನಡುಮಧ್ಯಕ್ಕೆ ಬಂದಾಗ ಒಂದು ದೊಡ್ಡ ಸುತ್ತು ಹಾಕಿತು. ಹಿಂದೆ ಬರುತ್ತಿದ್ದ ಹಮಾಲರು ಅಲ್ಲೇನೋ ಇರಬೇಕೆಂದುಕೊಂಡು, ಭಾರಕ್ಕೆ ಏದುಸಿರು ಬಿಡುತ್ತ, ಮಷೀನು ಹೊತ್ತುಕೊಂಡೇ ಎಡಕ್ಕೆ, ಬಲಕ್ಕೆ, ಸುತ್ತ ತಿರುಗಿ ಅವನ ಹಿಂದೆಯೇ ಬಂದರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಸಾಯಿಲಕ್ಷ್ಮಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಅವರಿಗೆ ನೀರು ಕೊಡಲೆಂದು ತಂಬಿಗೆ ಹಿಡಿದು ಹೊರಟವಳು ತಾನೂ ಅದೇ ಸುತ್ತು ಹಾಕಿಕೊಂಡೇ ಹೋದಳು.